ಕಾಲಂ ಆರು

ಸಮಿತಿ ಬರತೈತಿ ಅಂತ ಪ್ರಿನ್ಸಿಪಾಲರು
ಮೂರು ಹಾಳಿ ನನ್ನ ಟೇಬಲ್ಲಿಗಿಟ್ಟು ಹೋದರು.
ಹಳೆ ವಿದ್ಯಾರ್ಥಿಯ ಹೆಸರು, ಪಾಸಾದ ವರ್ಷ,
ಹುದ್ದೆ, ಊರು, ವರಮಾನ.
ಕಾಲಂ ಆರು: ಕಾಲೇಜಿಗೆ ಕೊಟ್ಟ ಕಾಣಿಕೆ,
ರೂಪಾಯಿಗಳಲ್ಲಿ.

ಗುಳೇದಗುಡ್ಡದ ಕಲಾ ಕಾಲೇಜು ನಮ್ಮದು.
ಆರು ಕೋಣಿ, ಎರಡು ನೂರಾ ಹನ್ನೊಂದು ಹುಡುಗರು.
ಕಿಡಕಿ ತೆರದರ ಖಣದ ಮಗ್ಗದ ಸಪ್ಪಳ
ಇತಿಹಾಸದ ಪಾಠದಾಗ ಬಂದು ಕುಂದರತೈತಿ.

ಮೊದಲನೇ ಸಾಲು ಸಸಾರ.
ತಹಶೀಲ್ದಾರ ಸಾಹೇಬರು, ತೊಂಬತ್ತೆಂಟರ ಬ್ಯಾಚು,
ಒಂದು ಕಬ್ಬಿಣದ ಕಪಾಟು, ಹದಿನೆಂಟು ಸಾವಿರ.
ಅದರ ಮ್ಯಾಲಿನ ಅವರ ಹೆಸರು ಎಷ್ಟು ದಪ್ಪ ಅಂದರ
ಬಾಗಲಾ ತೆಗದಾಗ ಎರಡು ತುಂಡಾಗತೈತಿ.

ಎರಡನೇದು ದಾವಲಮಲಿಕ ನದಾಫ, ಕಂಡಕ್ಟರ.
ಪರೀಕ್ಷಾ ದಿನ ಕೋಟೆಕಲ್ಲ ಕ್ರಾಸಿನ್ಯಾಗ
ಓಡಿ ಬರೋ ಪೋರಿಯ ಸಲವಾಗಿ
ಎರಡು ಮಿನಿಟು ಸೀಟಿ ಊದೂದಿಲ್ಲ.
ಡ್ರೈವರ ಬೈತಾನ. ಇವ ಚಿಲ್ಲರ ಎಣಸತಾನ,
ಎಣಸಿದ್ದನ್ನ ಮತ್ತ ಎಣಸತಾನ.
ಎಷ್ಟಂತ ಬರೀಲಿ ಎರಡು ಮಿನಿಟಿಗೆ?

ಸಾವಕ್ಕ ಹಾದಿಮನಿ, ಪೊಲೀಸ ಪೇದೆ, ವಿಜಯಪುರ.
ಅಲ್ಲಿ ಪರೀಕ್ಷೆ ಬರಿಯಾಕ ಹೋದ ನಮ್ಮ ಹುಡಿಗೇರು
ಆಕಿ ಕ್ವಾಟರ್ಸಿನ ಒಂದ ಚಾಪಿ ಮ್ಯಾಲೆ
ನಾಲ್ಕು ಮಂದಿ ಮಲಗತಾರ.
ನಸಿಕಿನ್ಯಾಗ ಎಬ್ಬಿಸಿ, ರೊಟ್ಟಿ ಕಟ್ಟಿಕೊಟ್ಟು,
"ಫೇಲಾದರೂ ಇಲ್ಲೇ ಬಾ" ಅಂತಾಳಂತ.

ಹುಚ್ಚೇಶ, ಪಿಗ್ಮಿ ಕಲೆಕ್ಟರ.
ಯಾರ ಮನ್ಯಾಗ ಮಗ್ಗ ನಿಂತೈತಿ ಅನ್ನೂದು
ಊರಾಗ ಮೊದಲ ಇವಗ ಗೊತ್ತು.
ಫೀ ಕಟ್ಟೂ ಕಡೀ ದಿನ ಬಂದು
ನನ್ನ ಕಿವ್ಯಾಗ ಒಂದು ಹೆಸರು ಹೇಳತಾನ,
ನೋಟು ಮಡಚಿ ಇಟ್ಟು,
"ರಸೀದಿ ಹರೀಬ್ಯಾಡ್ರಿ" ಅಂತಾನ.
ರಸೀದಿ ಇಲ್ಲದ ರೊಕ್ಕ ಸಮಿತಿಗೆ ಕಾಣೂದಿಲ್ಲ.

ಗೀಟು ಎಳದೆ. ಒಂದ ಗೀಟು,
ಎರಡನೇ ಸಾಲಿನಿಂದ ಕೆಳಗಿನ ತನಕ.
ಕೈ ನಿಲ್ಲಲಿಲ್ಲ, ಹಾಳಿ ದಾಟಿ ಟೇಬಲ್ಲಿಗೂ ಹತ್ತಿತು ಮಸಿ.

ಅಷ್ಟರಾಗ ಕಿಡಕಿಗೆ ಕಸ್ತೂರೆವ್ವ, ಕಡೀ ವರ್ಷದಾಕಿ.
"ಬಿ.ಎ. ಮುಗದ ಮ್ಯಾಲೆ ಏನೈತ್ರಿ ಸರ?"
ಗ್ವಾಡಿ ಮ್ಯಾಲಿನ ಫ್ಲೆಕ್ಸಿನ್ಯಾಗ
ಟೈ ಕಟಗೊಂಡ ಹುಡುಗೊಬ್ಬ ನಗಾಕತ್ತಿದ್ದ.
ಅವ ಯಾವ ಊರಾವನೋ, ನಮ್ಮಾವಂತೂ ಅಲ್ಲ.
ಗೊತ್ತಿಲ್ಲವಾ ಅಂದೆ. ಖರೇನ ಗೊತ್ತಿರಲಿಲ್ಲ.
ಆಮೇಲೆ ಕೆಟ್ಟ ಹಾಳಿ ಹೊಳ್ಳಿಸಿ
ಸಾವಕ್ಕನ ನಂಬರ ಬರದೆ.
"ನಾಳೆ ಏಳೂ ಹತ್ತರ ಗಾಡಿ ಹತ್ತು.
ಕಂಡಕ್ಟರಗ ನನ್ನ ಹೆಸರು ಹೇಳು, ಮುಂದಿನ ಗಾಡಿ ಅವ ತೋರಸತಾನ."

"ಅವರೂ ನಮ್ಮ ಕಾಲೇಜನವರ ಏನ್ರಿ?"
"ಅರ್ಥಶಾಸ್ತ್ರದಾಗ ಎರಡ ಸಲ ಫೇಲು" ಅಂದೆ.
ಆಕಿ ನಕ್ಕಳು,
ಹಾಳಿ ಸಣ್ಣಗ ಮಡಚಿ
ಕಂಪಾಸ್ ಪೆಟಿಗ್ಯಾಗ ಇಟಗೊಂಡಳು.