ಸೆಟ್ಟರ ಅಂಗಡಿಗೆ ಗಿರಾಕಿ

ಸೆಟ್ಟರು ಸೆಟ್ಟಮ್ಮ ಮಾತ್ರ ಪ್ರತಿ ವರ್ಷ ಖರ್ಚಾಗುತ್ತಾರೆ.
ಮುಂದೆ ಹೊಟ್ಟೆ, ಪಕ್ಕಕ್ಕೆ ತಕ್ಕಡಿ,
ಎದುರಿಗೆ ಅಂಗೈಯಗಲ ಜಾಗ.
ಅಲ್ಲಿ ಕೊಂಡವರ ಮನೆಯದೇ ಅಕ್ಕಿ, ತೊಗರಿ, ಒಂದು ಚೂರು ಬೆಲ್ಲ.
ಒಂಬತ್ತು ದಿನ ನಗುತ್ತಾ ಕೂತಿರುತ್ತಾರೆ
ಯಾರೂ ಬರದ ಅಂಗಡಿಯಲ್ಲಿ.

ಈ ಸಲ ಶಿಕಾರಿಪುರದ ಕೆರೆಮಣ್ಣು ತುಳಿಯುತ್ತಾ
ಅತ್ತೆ ಗುತ್ಯಮ್ಮ ನಿಂತುಬಿಟ್ಟಳು, ಮೊಣಕಾಲವರೆಗೆ ಕೆಸರು.
"ಅಲ್ವೇ, ಇವರಿಗೊಂದು ಗಿರಾಕೀನ ಯಾರೂ ಮಾಡಿಲ್ವಲ್ಲೇ!"
ಅವಳ ಮಾವ ಹತ್ತು ಅವತಾರ ಮಾಡಿದ್ದರು,
ಮದುವೆ ದಿಬ್ಬಣ ಮಾಡಿದ್ದರು, ಓಲಗದವರ ಕೆನ್ನೆ ಉಬ್ಬಿಸಿದ್ದರು.
ಚೀಲ ಹಿಡಿದು ನಿಂತವರು
ಅವರ ಕಣ್ಣಿಗೆ ಬಿದ್ದಿರಲಿಲ್ಲ.

ನಾಲ್ಕು ಜನ ಬಂದರು.

ಎಣ್ಣೆ ಕ್ಯಾನಿನವಳು, ಸೊಂಟಕ್ಕೆ ಕೈ, ಜಗಳಕ್ಕೆ ಸಿದ್ಧ.
(ಮುಖ ನನ್ನ ನಾದಿನಿಯದು. ಅವಳಿಗೆ ಹೇಳಿಲ್ಲ.)
ಕಿವಿಯಲ್ಲಿ ಅರ್ಧ ಬೀಡಿ ಸಿಕ್ಕಿಸಿಕೊಂಡೂ
ಬೆಂಕಿಪೊಟ್ಟಣದ ರೇಟು ಕೇಳುವ ಮುದುಕ.
ಮುಷ್ಟಿ ಬಿಗಿದ ಪುಟ್ಟ ಹುಡುಗಿ. ಆ ಮುಷ್ಟಿಯೊಳಗೆ
ಅತ್ತೆ ನಿಜಕ್ಕೂ ಒಂದು ಮಣ್ಣಿನ ನಾಣ್ಯ ಇಟ್ಟಿದ್ದಾಳೆ.
"ಯಾರಿಗೆ ಕಾಣ್ತದೆ?" ಅಂದೆ.
"ಅವಳಿಗೆ ಗೊತ್ತಿರ್ತದಲ್ಲ."

ನಾಲ್ಕನೆಯವಳು ಎಲ್ಲರಿಗಿಂತ ಹಿಂದೆ.
ಉಳಿದವರು ಹೋಗಲೆಂದು ಕಾಯುತ್ತಾಳೆ.
ತುಟಿ ಕೂದಲೆಳೆಯಷ್ಟು ತೆರೆದಿದೆ,
"ಬರ್ಕೊಳ್ಳಿ" ಅನ್ನುವುದಕ್ಕೆ ಮುಂಚಿನ ಉಸಿರು.

ಕಣ್ಣು ಬರೆಯುವುದು ನನ್ನ ಕೆಲಸ.
ದೇವರ ಕಣ್ಣಿಗೆ ಲೆಕ್ಕ ಇದೆ, ಕೈ ತಾನೇ ಹೋಗುತ್ತದೆ.
ಇವಳ ಮುಂದೆ ಕುಂಚ ಒಣಗಿತು.
"ಎತ್ತ ನೋಡಲಿ ಅತ್ತೆ?"
"ಸೆಟ್ಟರ ಮುಖ ನೋಡಕೂಡದು, ನೆಲಾನೂ ನೋಡಕೂಡದು.
ತಕ್ಕಡಿ ನೋಡಲಿ."
ಅತ್ತೆಗೆ ಇದು ಹೇಗೆ ಗೊತ್ತು ಎಂದು
ನಾನು ಕೇಳಲಿಲ್ಲ.

ಶಿವಮೊಗ್ಗದ ಗಾಂಧಿ ಬಜಾರು, ಔಷಧಿ ಅಂಗಡಿ ಪಕ್ಕದ ಫುಟ್‌ಪಾತು.
ಎಂಟು ಜೊತೆ ಸೆಟ್ಟರು ಮೂರೇ ದಿನಕ್ಕೆ ಮುಗಿದರು.
ಗಿರಾಕಿಗಳನ್ನು ಕೇಳುವ ಗಿರಾಕಿ ಇಲ್ಲ.
ಜರಿಯಂಚಿನ ಒಬ್ಬರು ನಾಲ್ಕನೆಯವಳನ್ನು ಎತ್ತಿ ತಿರುಗಿಸಿ
"ದೇವರ ಮುಂದೆ ಸಾಲಗಾರ್ತೀನ ಯಾರಮ್ಮ ಕೂರಿಸ್ತಾರೆ?" ಅಂದರು.
ಅತ್ತೆ ಎಲೆ ಅಡಿಕೆ ಉಗಿದು ಬಂದಳು, ಮಾತಾಡಲಿಲ್ಲ.

ಆಯುಧಪೂಜೆ ದಿನ. ಬೂದುಗುಂಬಳ, ಸೇವಂತಿಗೆ, ಕಾಲಿಡಲು ಜಾಗವಿಲ್ಲ.
ಒಬ್ಬ ಹುಡುಗ ಬಂದ, ಮೂರನೇ ಕ್ಲಾಸಿರಬೇಕು,
ನೇರ ಅತ್ತೆಯ ಎದುರು ಕುಕ್ಕರುಗಾಲಲ್ಲಿ ಕೂತ.
"ನೀವು ಕೊಟ್ಟ ಸೆಟ್ಟರಿಗೆ ವ್ಯಾಪಾರಾನೇ ಇಲ್ಲ.
ಬೆಲ್ಲಕ್ಕೆ ಇರುವೆ ಬಂದಿವೆ. ಅವು ದುಡ್ಡು ಕೊಡಲ್ಲ."

ಅತ್ತೆ ನಕ್ಕಿದ್ದು ನೋಡಿ ಬಹಳ ದಿನವಾಗಿತ್ತು.
ನಾಲ್ವರನ್ನೂ ಸಾಲಾಗಿ ನಿಲ್ಲಿಸಿದಳು.
ಎಣ್ಣೆಯವಳನ್ನು ಕಂಡು ಅವನು ಸ್ವಲ್ಪ ಹಿಂದೆ ಸರಿದ.
ಕೊನೆಯವಳ ತುಟಿಯ ಹತ್ತಿರ ಕಿವಿ ಇಟ್ಟ.
"ಇವಳು ಏನೋ ಹೇಳ್ತಿದಾಳೆ. ಇವಳೇ ಬೇಕು."

ನೂರಿಪ್ಪತ್ತು ರೂಪಾಯಿ. ಅವನ ಜೇಬಲ್ಲಿ ಮೂವತ್ತು.
ಅದರಲ್ಲೂ ಒಂದು ನೋಟು ಹರಿದದ್ದು.
ಅತ್ತೆ ನನ್ನ ಕಡೆ ತಿರುಗಿ, "ಬರಿ" ಅಂದಳು.
ನಮ್ಮಲ್ಲೆಲ್ಲಿ ಪುಸ್ತಕ? ಬರೆಸಿಯೇ ಅಭ್ಯಾಸ,
ಬರೆದುಕೊಂಡು ಗೊತ್ತಿಲ್ಲ.
ಕಣ್ಣು ಬರೆಯುವ ಕುಂಚದಲ್ಲೇ,
ಅವಳ ಪಾದದಡಿ, ಕಪ್ಪಿನಲ್ಲಿ:
ಶ್ರೀವತ್ಸ, ಬಾಕಿ ತೊಂಬತ್ತು.

ಅವನು ಉಫ್ ಉಫ್ ಎಂದು ಊದಿ ಒಣಗಿಸಿ ಓಡಿದ.

ಮಾರನೇ ದಿನ ಸಂಜೆ, ಮನೆಮನೆಯಲ್ಲಿ
ಒಂದು ಗೊಂಬೆಯನ್ನಾದರೂ ಮಲಗಿಸುವ ಹೊತ್ತಿಗೆ
ನಾವು ಶಿಕಾರಿಪುರದ ಬಸ್ಸಿನಲ್ಲಿ.
ಹುಲ್ಲು ತುಂಬಿದ ಬುಟ್ಟಿಗೆ ಕಂಡಕ್ಟರು ಲಗೇಜು ಹರಿದ.
"ಆ ಹುಡುಗ ಬರ್ಲಿಲ್ಲ," ಅಂದೆ.
ಅತ್ತೆ ಕಿಟಕಿಗೆ ತಲೆ ಕೊಟ್ಟಿದ್ದಳು.
"ಬರ್ಕೊಂಡಿದೀವಲ್ಲ," ಅಂದಳು.
"ಅವಳ ತಲೆಗೆ ಏನಾದ್ರೂ ಮೆತ್ತಗಿರೋದು ಇಟ್ಟಿರ್ತಾನಾ?"

ರಸ್ತೆ ಹಾಳಾಗಿದ್ದಲ್ಲೆಲ್ಲ ಬುಟ್ಟಿಯೊಳಗಿಂದ
ಸಣ್ಣದೊಂದು ಸದ್ದು, ಟಿಕ್ ಟಿಕ್.
ಪುಟ್ಟ ಹುಡುಗಿಯ ಮುಷ್ಟಿಯಲ್ಲಿ ಆ ನಾಣ್ಯ,
ಅಂಗಡಿ ಮುಚ್ಚಿಬಿಡ್ತಾರೆ, ಬೇಗ ಬೇಗ ಅನ್ನುವ ಹಾಗೆ.