ಮೊಂಡು ಮೊಳೆ

ಶಿಡ್ಲಘಟ್ಟದ ಗೂಡಿನ ಶೆಡ್ಡಿಗೆ
ಕಂಬವಿಲ್ಲದ ಸೂರು ಬೇಕಿತ್ತು.
ಹರಾಜು ಕೂಗುವವನ ಕಣ್ಣಿಗೆ
ಕೊನೇ ಮೂಲೆಯ ರೀಲರು ಎತ್ತಿದ ಬೆರಳೂ ಬೀಳಬೇಕು.
ಗೋಡೆಯಿಂದ ಗೋಡೆಗೆ ನಲವತ್ತೆರಡು ಅಡಿ.
ಕಬ್ಬಿಣಕ್ಕೆ ಸಂಘದಲ್ಲಿ ದುಡ್ಡಿಲ್ಲ.
ಇದ್ದದ್ದು ಕೆರೆಯಂಗಳದಲ್ಲಿ ಕಡಿದ ನೀಲಗಿರಿ,
ಬಾವಿ ಕುಡಿಯಿತೆಂದು ಊರೆಲ್ಲ ಬೈದ ಮರ.

ಕಾಗದದ ಮೇಲೆ ನಾನು ಬರೆದೆ:
ಕೀಲಿಗೆ ಹದಿನಾಲ್ಕು ಮೊಳೆ, ನಾಲ್ಕಿಂಚಿನವು,
ಒಂದೇ ಸಾಲು. ನೋಡಲು ಚಂದ.

ಮರಳಿನ ಮೂಟೆ ಇಪ್ಪತ್ತೊಂಬತ್ತಕ್ಕೇ
ಮೊದಲ ಟ್ರಸ್ಸು, ಗೋಡೆ ಮೇಲೆ ಕೂರುವ ಕೀಲಿನಲ್ಲಿ
ಬಾಯಿಬಿಟ್ಟಿತು.
ದೊಡ್ಡ ಸದ್ದೇನಲ್ಲ. ಒಣಗಿದ ಹುಣಸೆಕಾಯಿ ಮುರಿದ ಹಾಗೆ.
ಸೀಳು ಮೊಳೆಯಿಂದ ಮೊಳೆಗೆ
ನನ್ನ ಸಾಲನ್ನೇ ಹಿಡಿದು ನಡೆದಿತ್ತು.

ಪ್ಯಾರೇಜಾನ್ ಸಾಬರು ಏನೂ ಅನ್ನಲಿಲ್ಲ.
ಒಂದು ಮೊಳೆಯನ್ನು ಕಲ್ಲಿನ ಮೇಲೆ ತಲೆಕೆಳಗು ನಿಲ್ಲಿಸಿ
ಅದರ ಮೂತಿಗೆ ಸುತ್ತಿಗೆಯಿಂದ ಎರಡೇಟು ಕೊಟ್ಟರು.
"ಚೂಪಿದ್ರೆ ನಾರನ್ನ ಆಚೆಗೀಚೆಗೆ ತಳ್ಳುತ್ತಮ್ಮಾ,
ಮೊಂಡಾದ್ರೆ ಎದುರಿಗಿದ್ದದ್ದನ್ನ ಜಜ್ಜಿಕೊಂಡು ಹೋಗುತ್ತೆ.
ತಳ್ಳಿದ್ದು ಸೀಳುತ್ತೆ. ಜಜ್ಜಿದ್ದು ಹಿಡಿಯುತ್ತೆ."
ನನ್ನ ಪುಸ್ತಕದಲ್ಲಿ ಇದು ಇರಲಿಲ್ಲ.
ಅಥವಾ ಇತ್ತೋ ಏನೋ,
ಆ ಪುಟವನ್ನು ನಾನು ಹಾರಿಸಿದ್ದೆ.

ಆ ಸಂಜೆ ಕೂತು ನಾನೂರೈವತ್ತು ಮೂತಿ ಜಜ್ಜಿದೆವು,
ಎರಡು ಸಲ ನನ್ನ ಹೆಬ್ಬೆರಳನ್ನೂ.
ಸಾಲು ಮುರಿದೆ. ಒಂದು ಮೇಲೆ, ಒಂದು ಕೆಳಗೆ,
ಹಾಲುಹಲ್ಲು ಬೀಳುತ್ತಿರುವ ಹುಡುಗನ ನಗುವಿನ ಹಾಗೆ.

ಎರಡನೆಯದಕ್ಕೆ ಮೂಟೆ ಅರವತ್ತು.
ಆಚೆಯಿಂದೀಚೆಗೆ ಬಿಗಿದ ದಾರ, ನಡುವೆ ಉಕ್ಕಿನ ಸ್ಕೇಲು,
ನಾನು, ಟಾರ್ಚು.
ರಾತ್ರಿ ಎಂಟಕ್ಕೆ ಹನ್ನೊಂದು ಮಿಲಿಮೀಟರ್.
ಹನ್ನೆರಡಕ್ಕೆ ಹನ್ನೆರಡೂವರೆ.
ಕೆಳಗೆ ಯಾರೂ ಹೋಗದಂತೆ ಹಗ್ಗ ಕಟ್ಟಿದ್ದೆ.
ಸಾಬರು ಹಗ್ಗ ದಾಟಿ, ಏಣಿ ಹತ್ತಿ,
ಕೀಲಿಗೆ ಕಿವಿಯಿಟ್ಟರು.
"ಇಳಿಯಿರಿ" ಅಂತ ಕೂಗಿದೆ. ಇಳಿಯಲಿಲ್ಲ.
"ನಾಲ್ಕನೇ ಜ್ವರ ಎದ್ದ ಹುಳ
ಸೊಪ್ಪು ತಿನ್ನೋ ಸದ್ದು."
ಒಳ್ಳೆಯದೋ ಕೆಟ್ಟದ್ದೋ?
"ತಿನ್ನಲಿ ಬಿಡಮ್ಮಾ.
ತಿಂದು ಸುಮ್ಮನಾದ ಮೇಲೇ ಅಲ್ಲವಾ ಗೂಡು ಕಟ್ಟೋದು."

ನಸುಕಿಗೆ ಹದಿಮೂರು. ಸಂಜೆಯವರೆಗೂ ಹದಿಮೂರೇ.
ಮೂಟೆಗಳನ್ನು ಒಂದೊಂದಾಗಿ ಇಳಿಸಿದೆವು,
ಮಲಗಿದ ಕೂಸಿನ ಕೆಳಗಿಂದ ಕೈ ತೆಗೆವಂತೆ.
ಹನ್ನೊಂದನ್ನು ಮರ ವಾಪಸು ಕೊಟ್ಟಿತು,
ಎರಡನ್ನು ಇಟ್ಟುಕೊಂಡಿತು.
ನಿಯಮ ಅಷ್ಟಕ್ಕೆ ಒಪ್ಪುತ್ತದೆ. ಪಾಸು ಅಂತ ಬರೆದೆ.

ಸಂಘದ ಕಾರ್ಯದರ್ಶಿ ಲೆಕ್ಕದ ಮನುಷ್ಯ,
ಕನ್ನಡಕದ ಮೇಲಿಂದ ಕೇಳಿದರು:
"ಮಿಕ್ಕ ಎರಡು ಎಲ್ಲಿ ಹೋಯಿತು?"

ಸಾಬರು ಸುತ್ತಿಗೆ ಒರೆಸುತ್ತಿದ್ದರು.
ಕಪ್ಪುಗಟ್ಟಿದ ಹೆಬ್ಬೆರಳನ್ನು
ನಾನು ದುಪಟ್ಟಾದೊಳಗೆ ಎಳೆದುಕೊಂಡೆ.