ಎಡಬಾಗಿಲ ಗೀರು

ಬನ್ನಿ ಮುನಿಆಂಜಿನಪ್ಪನೋರೆ, ಚಪ್ಪಲಿ ಬಿಡಬೇಡಿ,
ಕಾರು ಹೊರಗೇ ಇದೆ, ಹೊಂಗೆ ಮರದ ಕೆಳಗೆ.
ಮೇಲೆ ಉದುರಿದ ಹೂವಿಗೆ ಬೆಲೆ ಕಟ್ಟಬೇಡಿ,
ಮಾರ್ಕೆಟ್ಟಿನವರು ನೀವು, ಕೈ ಸುಮ್ಮನಿರಲ್ಲ.

ಇಪ್ಪತ್ತಾರು ವರ್ಷ ಬಸ್ಸಿನ ಸ್ಟೇರಿಂಗ್ ಹಿಡಿದವನು ನಾನು.
ಮೊದಲು ಗುಣ ಹೇಳಲೇ, ದೋಷ ಹೇಳಲೇ?
ಜಾತಕ ತಂದಾಗ ನಮ್ಮ ಮಾವ ಬರೀ ಗುಣ ಹೇಳಿದ್ದರು
(ಜಯಶೀಲಾ ಒಳಗಿಂದ ಕೇಳಿಸಿಕೊಳ್ಳುತ್ತಿದ್ದಾಳೆ, ಇರಲಿ).
ನಾನು ದೋಷದಿಂದಲೇ ಶುರುಮಾಡುತ್ತೇನೆ.

ಪೀಣ್ಯದ ಮೇಲ್ಸೇತುವೆ ಹತ್ತುವಾಗ ಏಸಿ ಆರಿಸಬೇಕು.
ಇಲ್ಲದಿದ್ದರೆ ಏದುಸಿರು,
ಹಿಂದಿನ ಲಾರಿಯವನ ಹಾರ್ನು ಬೆನ್ನಿಗೇ ತಾಗುತ್ತದೆ.
ಐದು ಜನ ಕೂತರೆ
ನಮ್ಮ ರಸ್ತೆಯ ಪ್ರತಿ ಉಬ್ಬಿಗೂ
ಹೊಟ್ಟೆ ಉಜ್ಜಿ ಅಡ್ಡಬೀಳುತ್ತದೆ.
ಬಾಗಿಲು ಬರೀ ತಗಡು. ಜೋರಾಗಿ ಹಾಕಿದರೆ
ಗಂಡಹೆಂಡಿರ ಜಗಳವೆಂದು ಪಕ್ಕದವರು ಕಿಟಕಿಗೆ ಬರುತ್ತಾರೆ.
ಡಿಕ್ಕಿಯಲ್ಲಿ ಒಂದು ಸಿಲಿಂಡರು, ಅರ್ಧ ಮೂಟೆ ಅಕ್ಕಿ.
ಮೇಲೆ ಇನ್ನೊಂದು ಆಸೆ ಇಟ್ಟಿರೋ, ಮುಚ್ಚುವುದಿಲ್ಲ.

ಇನ್ನು ಗುಣ.
ಕಾಟನ್‌ಪೇಟೆಯ ಗಲ್ಲಿ, ಎದುರಿಗೆ ತಳ್ಳುಗಾಡಿ, ಹಿಂದೆ ಹಸು:
ನಿಂತಲ್ಲೇ ತಿರುಗುತ್ತದೆ, ಬುಗುರಿ!
ಮೆಜೆಸ್ಟಿಕ್ಕಿನಲ್ಲಿ ಹಗಲೆಲ್ಲ ಬಸ್ಸು ತಿರುಗಿಸಿ
ಸಂಜೆ ಇದರೊಳಗೆ ಕೂತರೆ
ಮದುವೆ ಮನೆಗೆ ಬಡಿಸಿ ಸೋತವನು
ಮೂಲೆಯಲ್ಲಿ ಒಂದು ಲೋಟ ಮಜ್ಜಿಗೆ ಕುಡಿದ ಹಾಗೆ.
ಲೀಟರಿಗೆ ಹದಿನೆಂಟು, ಟ್ರಾಫಿಕ್ಕಿನಲ್ಲಿ ಹದಿಮೂರು.
ಹದಿನೆಂಟು ಯಾವಾಗ ಅಂತ ಕೇಳಬೇಡಿ,
ಟ್ರಾಫಿಕ್ಕಿಲ್ಲದ ಬೆಂಗಳೂರನ್ನು ನೀವೂ ನೋಡಿದವರಲ್ಲ.
ಯಾವ ಭಾಗ ಕೆಟ್ಟರೂ ಜೆ.ಸಿ. ರಸ್ತೆಯಲ್ಲಿ
ಇನ್ನೂರಕ್ಕೋ ಮುನ್ನೂರಕ್ಕೋ ಅದರ ತಮ್ಮ ಸಿಗುತ್ತಾನೆ.
ಹಿಂದಿನ ಸೀಟು ಮಡಚಿ ನೋಡಿ,
ನಿಮ್ಮ ಸೇವಂತಿಗೆ, ನಾಲ್ಕು ಮಂಕರಿ ಧಾರಾಳ.

ಎಡಬಾಗಿಲನ್ನು ಸವರುತ್ತಿದ್ದೀರಿ.
ಗೊತ್ತಿತ್ತು.
ಕೇಳಿದವರಿಗೆಲ್ಲ ಏಳು ವರ್ಷ ಒಂದೇ ಉತ್ತರ:
'ನಮ್ಮನೆಯವಳು ಕಲಿಯುವಾಗ ಆದದ್ದು.'
ಎಲ್ಲರೂ ನಕ್ಕರು, ನಂಬಿದರು.
ಅವಳು ಕಾಫಿ ತಂದಿಟ್ಟು ಒಳಗೆ ಹೋದಳು.

ಆದದ್ದು ಬೇರೆ.
ಅಪಘಾತ ಮಾಡದ ಚಾಲಕನೆಂದು
ಡಿಪೋದಲ್ಲಿ ಪದಕ ಕೊಟ್ಟ ಸಂಜೆ,
ಹೊದಿಸಿದ ಶಾಲು ತೆಗೆಯದೆ ಮನೆಗೆ ಬಂದೆ.
ಕಣ್ಣು ಇನ್ನೂ ಬಸ್ಸಿನ ಎತ್ತರದಲ್ಲಿತ್ತು,
ಮೊಣಕಾಲೆತ್ತರದ ಮೋರಿಕಲ್ಲು ಕಾಣಲಿಲ್ಲ.
ತಗಡು ಕರ್ರೆಂದಿತು.
ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತವಳು
ನೋಡಿದಳು. ನಾನೂ ನೋಡಿದೆ.

ಅವಳ ಕೈಯಲ್ಲಿ ಈ ಕಾರು
ಇವತ್ತಿನವರೆಗೆ ಒಂದು ಕಡ್ಡಿ ಮುಟ್ಟಿಲ್ಲ.

ಗೀರಿಗೆ ಎಷ್ಟು ಮುರಿಯುತ್ತೀರಿ? ಮೂರು ಸಾವಿರ?
ಮುರಿದುಕೊಳ್ಳಿ, ಚೌಕಾಸಿ ಮಾಡಲ್ಲ.
ಒಳಗೆ ಬಂದು ಸ್ವಲ್ಪ ಗಟ್ಟಿಯಾಗಿ ಹೇಳಿ ಸಾಕು:
ಯಜಮಾನರ ಗೀರಿಗೆ ಮೂರು ಸಾವಿರ ಕಡಿಮೆ, ಅಂತ.

ಕೀ ಅವಳ ಸೆರಗಿನಲ್ಲಿದೆ.
ಕೊಡುತ್ತಾಳೋ ಇಲ್ಲವೋ,
ನಾನಿನ್ನೂ ಕೇಳಿಲ್ಲ.